ಅಟ್ಟದಿಂದ ಇಳಿಸಿದ ಹಳೇ ಸ್ಪೀಕರ್ ಜೋಡಿ: ಯಾವುದು ಅಂತ ಗುರುತಿಸುವುದು, ಎಲ್ಲಿ ಕೆಟ್ಟಿದೆ ಅಂತ ಹುಡುಕುವುದು

ಮೊದಲು ಸ್ಕ್ರೂಡ್ರೈವರ್ ಪಕ್ಕಕ್ಕಿಡಿ. ಹಳೇ ಸ್ಪೀಕರ್ ಸರಿಯಾಗಿ ಹಾಡುತ್ತಿಲ್ಲ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಅದಕ್ಕೇ. ನಾನೂ ಹಾಗೇ ಮಾಡಿದ್ದೆ, ಎರಡು ಭಾನುವಾರ ಹೋಯಿತು. ಒಂದು ನಿಮಿಷದಲ್ಲಿ ಗೊತ್ತಾಗಬೇಕಿದ್ದ ವಿಷಯ ಕೊನೆಗೆ ಗೊತ್ತಾಯಿತು.

ನಮ್ಮದು ಉಡುಪಿ ಹತ್ತಿರದ ಮನೆ. ದೊಡ್ಡಪ್ಪ ಕುವೈತಿನಲ್ಲಿ ಕೆಲಸಕ್ಕಿದ್ದರು. 1979ರಲ್ಲಿ ಊರಿಗೆ ಬರುವಾಗ ಒಂದು ಜೊತೆ ಸ್ಪೀಕರ್ ತಂದಿದ್ದರು. ಎರಡಡಿ ಎತ್ತರದ ಪೆಟ್ಟಿಗೆ, ಎದುರಿಗೆ ಕಂದು ಬಟ್ಟೆ. ಅವರು ಹೋದ ಮೇಲೆ ಅದು ಅಟ್ಟ ಸೇರಿತು. ಹೋದ ವರ್ಷ ದೊಡ್ಡಮ್ಮ "ತಕೊಂಡು ಹೋಗು ಮಗಾ, ಇಲ್ಲೇ ಇಟ್ರೆ ಗೆದ್ದಲು ಹಿಡೀತದೆ" ಅಂದರು. ಬೆಂಗಳೂರಿಗೆ ತಂದು ಜೋಡಿಸಿದೆ. ಎಡಗಡೆಯದರಲ್ಲಿ ತಾಳದ ಕಿಣಿಕಿಣಿಯೇ ಇಲ್ಲ. ಬಲಗಡೆಯದರಲ್ಲಿ ಏನೋ ಹರಿದ ಹಾಗೆ ಗೊರಗೊರ. ಎರಡನ್ನೂ ಒಟ್ಟಿಗೆ ಹಾಕಿದರೆ ಬೇಸ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೂರು ತೊಂದರೆ, ಮೂರಕ್ಕೂ ಬೇರೆ ಬೇರೆ ಕಾರಣ. ಕೆಳಗೆ ಬರೆದಿರುವ ಹೆಚ್ಚಿನದೆಲ್ಲ ಆ ಜೋಡಿ ಕಲಿಸಿದ್ದು, ಉಳಿದದ್ದು ಆಮೇಲೆ ಗೆಳೆಯರ ಮನೆಯ ಸ್ಪೀಕರ್‌ಗಳನ್ನು ನೋಡಿ ಕಲಿತದ್ದು.

ಒಂದು ಮಾತು ಇಡೀ ಕೆಲಸಕ್ಕೆ ಆಗುತ್ತದೆ. ಸ್ಪೀಕರ್ ಜೋಡಿಯಾಗಿ ಬರುತ್ತದೆ, ಹಾಗಾಗಿ ಒಂದು ಇನ್ನೊಂದಕ್ಕೆ ಅಳತೆಗೋಲು. ನಿಮ್ಮ ಹತ್ತಿರ ಲ್ಯಾಬು ಬೇಡ, ದುಬಾರಿ ಯಂತ್ರ ಬೇಡ. ಎಡದ್ದನ್ನು ಬಲದ್ದರ ಜೊತೆ ಹೋಲಿಸುತ್ತಾ ಹೋಗಿ. ಯಾವ ಅಳತೆ ತೆಗೆದರೂ ಎರಡರದ್ದೂ ತೆಗೆದು ಚೀಟಿಯಲ್ಲಿ ಬರೆದಿಡಿ.

ಕೆಟ್ಟಿರುವುದು ಸ್ಪೀಕರೇನಾ?

ಆಂಪ್, ಅಂದರೆ ಆಂಪ್ಲಿಫೈಯರ್, ಆಫ್ ಮಾಡಿ. ಅದರ ಹಿಂದಿನ ವೈರ್ ಅದಲು ಬದಲು ಮಾಡಿ: ಎಡದ ಸ್ಪೀಕರ್ ಬಲದ ಚಾನೆಲ್‌ಗೆ, ಬಲದ್ದು ಎಡಕ್ಕೆ. ಮತ್ತೆ ಅದೇ ಹಾಡು ಹಾಕಿ. ತೊಂದರೆ ಸ್ಪೀಕರ್ ಜೊತೆಗೇ ಹೋದರೆ ಸ್ಪೀಕರ್ರೋ ಅದರ ವೈರೋ ಕೆಟ್ಟಿದೆ. ಮೊದಲು ಇದ್ದ ಚಾನೆಲ್‌ನಲ್ಲೇ ಉಳಿದರೆ ಸ್ಪೀಕರ್‌ಗೆ ಏನೂ ಆಗಿಲ್ಲ, ಆಂಪೋ ಅದರ ಹಿಂದಿನದೋ ಕೈ ಕೊಟ್ಟಿದೆ. ಹಳೇ ಆಂಪ್‌ಗಳಲ್ಲಿ ಬ್ಯಾಲೆನ್ಸ್ ನಾಬ್, ಟೇಪ್ ಮಾನಿಟರ್ ಸ್ವಿಚ್, ಎ-ಬಿ ಸ್ಪೀಕರ್ ಸ್ವಿಚ್ ಇವೆಲ್ಲ ಕಿಲುಬು ಹಿಡಿದು ಒಂದು ಕಡೆಯ ದನಿಯನ್ನೇ ನುಂಗುತ್ತವೆ. ಆಂಪ್ ಆಫ್ ಇರುವಾಗ ಆ ನಾಬ್‌ಗಳನ್ನೆಲ್ಲ ಇಪ್ಪತ್ತು ಮೂವತ್ತು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿ, ಸ್ವಿಚ್‌ಗಳನ್ನು ಅಷ್ಟೇ ಸಲ ಒತ್ತಿ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ವೈರ್ ತುದಿಯನ್ನೂ ನೋಡಿ. ತಾಮ್ರ ಕಪ್ಪೋ ಹಸಿರೋ ಆಗಿದ್ದರೆ ಒಂದಿಂಚು ಕತ್ತರಿಸಿ ಹೊಸದಾಗಿ ಸುಲಿಯಿರಿ. ಕರಾವಳಿಯ ಮನೆಯಿಂದ ಬಂದ ಸ್ಪೀಕರ್ ಆದರೆ ಇದನ್ನು ಬಿಡಲೇಬೇಡಿ, ಉಪ್ಪಿನ ಗಾಳಿ ತಾಮ್ರವನ್ನು ಚೆನ್ನಾಗಿ ತಿನ್ನುತ್ತದೆ.

ಯುರೋಪಿನ ಕಡೆಯ ಹಳೇ ಸ್ಪೀಕರ್‌ಗಳಲ್ಲಿ ಕೆಂಪು-ಕಪ್ಪು ತಿರುಪು ಇರುವುದಿಲ್ಲ, ಎರಡು ಕಾಲಿನ ಪುಟ್ಟ ಪ್ಲಗ್ ಇರುತ್ತದೆ. ಒಂದು ಕಾಲು ಚಪ್ಪಟೆ, ಇನ್ನೊಂದು ದುಂಡಗೆ. ಇದು ಡಿನ್ ಪ್ಲಗ್. ದುಂಡಗಿನದು ಪ್ಲಸ್, ಚಪ್ಪಟೆಯದು ಮೈನಸ್. ಅದನ್ನು ಕತ್ತರಿಸಿ ಬಿಸಾಡಬೇಡಿ, ಎದುರು ಸಾಕೆಟ್ ತಂದು ವೈರ್ ಹಾಕಿಕೊಂಡರೆ ಸ್ಪೀಕರ್ ಮೊದಲಿನ ಹಾಗೇ ಉಳಿಯುತ್ತದೆ.

ಇನ್ನೊಂದು, ಆಂಪೂ ಹಳೇದಾದರೆ ಸ್ಪೀಕರ್ ಜೋಡಿಸುವ ಮೊದಲೇ ಮಾಡಬೇಕಾದ್ದು. ಟ್ರಾನ್ಸಿಸ್ಟರ್ ಆಂಪ್ ಆನ್ ಮಾಡಿ, ವಾಲ್ಯೂಮ್ ಸೊನ್ನೆಗೆ ಇಳಿಸಿ, ಸ್ಪೀಕರ್ ಹಾಕದೆ ಅದರ ಹಿಂದಿನ ಪ್ಲಸ್-ಮೈನಸ್‌ಗೆ ಮಲ್ಟಿಮೀಟರ್ ಹಿಡಿಯಿರಿ, ಡಿಸಿ ವೋಲ್ಟ್‌ನಲ್ಲಿ. 50 ಮಿಲಿವೋಲ್ಟಿಗಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. 100 ದಾಟಿದರೆ ಆಂಪನ್ನು ತೋರಿಸಿ ಬನ್ನಿ. ವೋಲ್ಟುಗಟ್ಟಲೆ ಬಂದರೆ ನಿಮ್ಮ ವೂಫರ್ (ಬೇಸ್ ನುಡಿಸುವ ದೊಡ್ಡ ಭಾಗ) ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಕೆಲವೇ ಕ್ಷಣದಲ್ಲಿ ಸುಟ್ಟುಹೋಗಬಹುದು, ಅದಕ್ಕೆ ಮದ್ದಿಲ್ಲ. ವಾಲ್ವ್ ಆಂಪ್ ಆದರೆ ಮಾತ್ರ ಈ ಪರೀಕ್ಷೆ ಬೇಡ, ಅದನ್ನು ಸ್ಪೀಕರ್ ಇಲ್ಲದೆ ಆನ್ ಮಾಡಬಾರದು.

ಇದು ಯಾವ ಸ್ಪೀಕರ್?

ನಮ್ಮ ಜೋಡಿಯಲ್ಲಿ ಎದುರಿನ ಲೋಹದ ಹೆಸರುಪಟ್ಟಿ ಎರಡೂ ಬಿದ್ದುಹೋಗಿತ್ತು, ಹಿಂದಿನ ಕಾಗದ ಗೆದ್ದಲಿಗೆ ಹೋಗಿತ್ತು. ಹೆಸರು ಗೊತ್ತಿದ್ದರೆ ಬಿಡಿಭಾಗ ಹುಡುಕಲು ಸುಲಭ, ಎಷ್ಟು ಓಮ್ ಅಂತಲೂ ಗೊತ್ತಾಗುತ್ತದೆ. ಹೆಸರಿಲ್ಲದಿದ್ದರೆ ಡ್ರೈವರ್‌ಗಳ (ಪೆಟ್ಟಿಗೆಯಲ್ಲಿ ಕೂರಿಸಿದ, ದನಿ ಹೊರಡಿಸುವ ಭಾಗಗಳ) ಬೆನ್ನು ನೋಡಬೇಕು. ಇದಕ್ಕೆ ವೂಫರ್ ಬಿಚ್ಚಲೇಬೇಕು. ಪೆಟ್ಟಿಗೆಯನ್ನು ಅಂಗಾತ ಮಲಗಿಸಿ, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕೈಯಲ್ಲಿ ಸ್ಕ್ರೂಡ್ರೈವರ್ ಇರುವಾಗ ಮ್ಯಾಗ್ನೆಟ್ ಅದನ್ನು ಎಳೆದುಕೊಳ್ಳುತ್ತದೆ, ಕೋನ್‌ಗೆ (ಎದುರಿಗೆ ಕಾಣುವ, ಅಲ್ಲಾಡಿ ದನಿ ಹೊರಡಿಸುವ ಬಟ್ಟಲಿಗೆ) ತೂತು ಬೀಳುವುದು ಹಾಗೇ. ಆದ್ದರಿಂದ ಕೋನ್ ಮೇಲೆ ಒಂದು ರಟ್ಟು ಹಿಡಿದುಕೊಂಡೇ ಕೆಲಸ ಮಾಡಿ. ವೈರ್ ಕಳಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ: ಯಾವ ಬಣ್ಣ ಯಾವ ಕಾಲಿಗೆ ಅಂತ ಸ್ಪಷ್ಟವಾಗಿ ಕಾಣಬೇಕು.

ಅಮೆರಿಕದ ಡ್ರೈವರ್ ಆದರೆ ಕಬ್ಬಿಣದ ಚೌಕಟ್ಟಿನ ಮೇಲೋ ಮ್ಯಾಗ್ನೆಟ್ ಮೇಲೋ ಆರೇಳು ಅಂಕಿ ಒತ್ತಿರುತ್ತಾರೆ. ಶುರುವಿನ ಮೂರಂಕಿ ತಯಾರಿಸಿದವರದು. 220 ಅಂದರೆ ಜೆನ್ಸನ್, 137 ಅಂದರೆ ಸಿಟಿಎಸ್, 328 ಅಂದರೆ ಯೂಟಾ. ನಡುವಿನದು ವರ್ಷ, ಕೊನೆಯ ಎರಡು ವಾರ. 1377318 ಅಂತಿದ್ದರೆ ಸಿಟಿಎಸ್ ಮಾಡಿದ್ದು, 1973ರ 18ನೇ ವಾರ. ಆರೇ ಅಂಕಿ ಇದ್ದರೆ ವರ್ಷಕ್ಕೆ ಒಂದೇ ಅಂಕಿ, ಯಾವ ದಶಕ ಅನ್ನುವುದನ್ನು ನೀವೇ ಪೆಟ್ಟಿಗೆ ನೋಡಿ ಊಹಿಸಬೇಕು. ಬ್ರಿಟನ್ನಿನ ಡ್ರೈವರ್‌ಗಳಲ್ಲಿ ಸಾಮಾನ್ಯವಾಗಿ ಬೆನ್ನಿಗೆ ಚೀಟಿ ಅಂಟಿಸಿ ಮಾದರಿ ಹೆಸರನ್ನೇ ಬರೆದಿರುತ್ತಾರೆ.

ಇಲ್ಲಿ ಸುಮಾರು ಜನ ಎಡವುತ್ತಾರೆ. ಡ್ರೈವರ್ ಮೇಲಿನ ಹೆಸರು ಪೆಟ್ಟಿಗೆಯ ಹೆಸರು ಆಗಬೇಕೆಂದೇನೂ ಇಲ್ಲ. ಆ ಕಾಲದಲ್ಲಿ ಒಬ್ಬರು ಡ್ರೈವರ್ ಮಾಡುತ್ತಿದ್ದರು, ಇನ್ನೊಬ್ಬರು ತಂದು ತಮ್ಮ ಪೆಟ್ಟಿಗೆಗೆ ಹಾಕುತ್ತಿದ್ದರು. ಬಿಬಿಸಿಯವರು ತಮ್ಮ ಕೆಲಸಕ್ಕೆಂದು ರೂಪಿಸಿದ ಎಲ್ಎಸ್3/5ಎ ಅನ್ನುವ ಪುಟ್ಟ ಸ್ಪೀಕರ್ ಇದೆಯಲ್ಲ, ಅದನ್ನು ಲೈಸೆನ್ಸ್ ಪಡೆದು ರೋಜರ್ಸ್, ಚಾರ್ಟ್‌ವೆಲ್, ಸ್ಪೆಂಡರ್ ಹೀಗೆ ಹಲವರು ತಯಾರಿಸಿದರು. ಆದರೆ ಒಳಗೆ ಇರುವುದು ಕೆಇಎಫ್ ಕಂಪನಿಯ ಬಿ110 ವೂಫರ್, ಟಿ27 ಟ್ವೀಟರ್ (ಎತ್ತರದ ಸ್ವರ ನುಡಿಸುವ ಸಣ್ಣ ಡ್ರೈವರ್). ಸೆಲೆಸ್ಟಿಯನ್ನಿನ ಎಚ್ಎಫ್1300 ಟ್ವೀಟರ್ ಸ್ಪೆಂಡರ್ ಬಿಸಿ1 ಒಳಗೂ ಸಿಗುತ್ತದೆ. ಹಾಗಾಗಿ ಒಂದು ಡ್ರೈವರ್ ಹೆಸರು ನೋಡಿ ತೀರ್ಮಾನಕ್ಕೆ ಬರಬೇಡಿ. ವೂಫರ್, ಟ್ವೀಟರ್, ಪೆಟ್ಟಿಗೆಯ ಅಳತೆ, ಕ್ರಾಸ್‌ಓವರ್ ಬೋರ್ಡಿನ (ದನಿಯನ್ನು ವೂಫರಿಗೂ ಟ್ವೀಟರಿಗೂ ಹಂಚುವ ಫಲಕದ) ಮೇಲಿನ ಬರಹ, ಇವು ನಾಲ್ಕೂ ಸೇರಿಸಿ ಹುಡುಕಿ. ನಮ್ಮ ಜೋಡಿ ಗೊತ್ತಾದದ್ದು ಹಾಗೇ.

ಮ್ಯಾಗ್ನೆಟ್ ಆಕಾರವೂ ವಯಸ್ಸು ಹೇಳುತ್ತದೆ. ಲೋಟ ಬೋರಲು ಹಾಕಿದ ಹಾಗೆ ಉದ್ದಕ್ಕೆ ಇದ್ದರೆ ಹೆಚ್ಚಾಗಿ ಆಲ್ನಿಕೋ ಅನ್ನುವ ಮಿಶ್ರಲೋಹ, ಹಳೇ ಕಾಲದ್ದು. ಅಗಲವಾದ ಕಪ್ಪು ಬಳೆ ಇದ್ದರೆ ಫೆರೈಟ್. ಆಲ್ನಿಕೋಗೆ ಕೋಬಾಲ್ಟ್ ಬೇಕು. 1978ರ ಹೊತ್ತಿಗೆ ಆಗಿನ ಝಯರ್ (ಈಗಿನ ಕಾಂಗೋ) ದೇಶದ ಗಲಭೆಯಿಂದ ಕೋಬಾಲ್ಟ್ ಬೆಲೆ ವಿಪರೀತ ಏರಿತು, ಅಲ್ಲಿಯತನಕ ಆಲ್ನಿಕೋ ಹಾಕುತ್ತಿದ್ದ ದೊಡ್ಡ ಕಂಪನಿಗಳೂ ಫೆರೈಟ್‌ಗೆ ತಿರುಗಿದವು.

ಮಲ್ಟಿಮೀಟರ್ ಹಿಡಿಯುವ ಕ್ರಮ

ಸಾಧಾರಣ ಮೀಟರ್ ಸಾಕು. ವೈರ್ ಕಳಚಿ, ಓಮ್‌ಗೆ ಇಟ್ಟು, ಸ್ಪೀಕರ್ ಹಿಂದಿನ ಎರಡು ತಿರುಪಿಗೆ ಹಿಡಿಯಿರಿ. 8 ಓಮ್ ಅಂತ ಬರೆದಿದ್ದರೆ 8 ತೋರಿಸುವುದಿಲ್ಲ, 5.5ರಿಂದ 7ರ ನಡುವೆ ಬರುತ್ತದೆ. 4 ಓಮಿನದು 3ರಿಂದ 3.5. ಬ್ರಿಟನ್ನಿನ ಹಳೇ 15 ಓಮಿನವು 10ಕ್ಕಿಂತ ಮೇಲೆ ತೋರಿಸಬಹುದು. ಕಡಿಮೆ ಬಂತು ಅಂತ ಗಾಬರಿ ಆಗಬೇಡಿ. ಎರಡೂ ಸ್ಪೀಕರ್ ಒಂದೇ ತರಹ ತೋರಿಸುತ್ತವಾ, ಅದನ್ನು ನೋಡಿ. ಒಂದು 6, ಇನ್ನೊಂದು 3 ಅಂದರೆ ಯಾರೋ ಬೇರೆ ವೂಫರ್ ಹಾಕಿದ್ದಾರೆ ಅಥವಾ ಕಾಯಿಲ್ ಒಳಗೆ ಸುತ್ತು ಸುಟ್ಟು ಒಂದಕ್ಕೊಂದು ಅಂಟಿದೆ.

ಹಿಂದಿನಿಂದ ಹಿಡಿದಾಗ ಮೀಟರ್‌ಗೆ ಕಾಣುವುದು ವೂಫರ್ ಮಾತ್ರ. ಟ್ವೀಟರ್ ಕಾಣುವುದಿಲ್ಲ, ಯಾಕೆಂದರೆ ಅದರ ದಾರಿಯಲ್ಲಿ ಕೆಪಾಸಿಟರ್ ಇದೆ, ಕೆಪಾಸಿಟರ್ ಡಿಸಿಯನ್ನು ಬಿಡುವುದಿಲ್ಲ. "ಮೀಟರ್ ಹಿಡಿದೆ, 6 ಓಮ್ ಬಂತು, ಎಲ್ಲ ಚೆನ್ನಾಗಿದೆ" ಅಂತ ಯಾರಾದರೂ ಹಳೇ ಸ್ಪೀಕರ್ ಮಾರಲು ಬಂದರೆ ಅವರು ಅರ್ಧ ಸ್ಪೀಕರನ್ನು ಮಾತ್ರ ನೋಡಿದ್ದಾರೆ. ಟ್ವೀಟರ್ ನೋಡಬೇಕಾದರೆ ಅದರ ಒಂದು ವೈರ್ ಕಳಚಿ ನೇರವಾಗಿ ಅದರ ಕಾಲಿಗೇ ಮೀಟರ್ ಹಿಡಿಯಬೇಕು.

ಹಿಂದಿನಿಂದ ಏನೂ ತೋರಿಸದಿದ್ದರೆ ವೂಫರ್ ಹೋಯಿತು ಅಂತಲೂ ಅಲ್ಲ. ಕೆಲವು ಪೆಟ್ಟಿಗೆಗಳ ಬೆನ್ನಿಗೆ ಫ್ಯೂಸ್ ಇರುತ್ತದೆ, ಮೊದಲು ಅದನ್ನು ನೋಡಿ. ಆಮೇಲೆ ಒಳಗಿನ ಬೆಸುಗೆ. ಆಮೇಲೆ ಕೋನ್‌ನಿಂದ ಚೌಕಟ್ಟಿಗೆ ಬರುವ ಹೆಣೆದ ತಾಮ್ರದ ದಾರ, ಐವತ್ತು ವರ್ಷ ಬಳುಕಿ ಬಳುಕಿ ಅದು ತುಂಡಾಗಿರುತ್ತದೆ, ಮೇಲಿನ ಹೊದಿಕೆಯಿಂದಾಗಿ ಕಣ್ಣಿಗೆ ಕಾಣುವುದಿಲ್ಲ. ಮೀಟರ್ ಹಿಡಿದುಕೊಂಡೇ ಆ ದಾರವನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ. ಅಂಕಿ ಬಂದು ಹೋಗಿ ಮಾಡಿದರೆ ಕಳ್ಳ ಸಿಕ್ಕ.

ಬೇಸ್ ಇಲ್ಲ, ದನಿ ಟೊಳ್ಳು

ನನ್ನ ಎರಡು ಭಾನುವಾರ ಹೋದದ್ದು ಇಲ್ಲೇ. ಬಲಗಡೆಯ ಪೆಟ್ಟಿಗೆಯಲ್ಲಿ ವೂಫರ್ ಸುತ್ತಲಿನ ಫೋಮ್ ಬಳೆ ಪೂರ್ತಿ ಕೊಳೆತಿತ್ತು. ಗೊರಗೊರ ಸದ್ದಿಗೆ ಅದೇ ಕಾರಣ. ಬೇಸ್ ಇಲ್ಲದ್ದಕ್ಕೂ ಅದೇ ಕಾರಣ ಅಂದುಕೊಂಡೆ, ತಪ್ಪಾಯಿತು. ಹೊಸ ಫೋಮ್ ಹಾಕಿದೆ, ಗೊರಗೊರ ನಿಂತಿತು, ಬೇಸ್ ಬರಲಿಲ್ಲ. ಕೊನೆಗೆ ಸುಮ್ನೆ ನೋಡೋಣ ಅಂತ ಆಂಪ್ ಹಿಂದೆ ಒಂದೇ ಸ್ಪೀಕರಿನ ಪ್ಲಸ್-ಮೈನಸ್ ತಿರುಗಿಸಿ ಹಾಕಿದೆ. ಮದ್ದಳೆಯ ದಪ್ಪ ದನಿ ಒಮ್ಮೆಲೇ ಎದುರಿಗೆ ಬಂದು ಕೂತಿತು.

ಆಗಿದ್ದು ಇಷ್ಟು. ಎಡಗಡೆಯ ವೂಫರನ್ನು ಹಿಂದೆ ಯಾವಾಗಲೋ ಯಾರೋ ರಿಪೇರಿ ಮಾಡಿದ್ದರು. ತಿರುಗಿ ಹಾಕುವಾಗ ಒಳಗಿನ ವೈರ್ ಅದಲು ಬದಲಾಗಿತ್ತು. ಎಡದ ಕೋನ್ ಮುಂದೆ ಬಂದಾಗ ಬಲದ್ದು ಹಿಂದೆ ಹೋಗುತ್ತದೆ. ಒಂದು ನೂಕಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ, ಬೇಸ್ ಅಲ್ಲಲ್ಲೇ ಕರಗುತ್ತದೆ. ಒಂದೊಂದೇ ಹಾಕಿ ಕೇಳಿದರೆ ಎರಡೂ ಚೆನ್ನಾಗಿರುತ್ತವೆ, ಒಟ್ಟಿಗೆ ಹಾಕಿದರೆ ಮಾತ್ರ ಟೊಳ್ಳು. ಇದು ಈ ದೋಷದ ಖಚಿತ ಗುರುತು.

ಪರೀಕ್ಷೆಗೆ ಮೋನೋ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ದನಿ ಬರುವ ಧ್ವನಿಮುದ್ರಣ ಹಾಕಿ. 60ರ ದಶಕದ ಕನ್ನಡ ಸಿನಿಮಾ ಹಾಡುಗಳು ಬಹುಪಾಲು ಮೋನೋ, ಒಬ್ಬರೇ ಹಾಡಿದ್ದು ಆಯ್ದುಕೊಳ್ಳಿ. ಎರಡು ಸ್ಪೀಕರ್‌ಗೂ ಸರಿಸಮ ದೂರದಲ್ಲಿ ಕೂತು ಕಣ್ಣು ಮುಚ್ಚಿ. ಹಾಡುವವರು ಎರಡರ ನಡುವೆ, ಎದುರಿಗೆ ನಿಂತ ಹಾಗೆ ಕೇಳಬೇಕು. ದನಿ ತಲೆಯ ಸುತ್ತ ಎಲ್ಲೆಲ್ಲೋ ತೇಲಿದ ಹಾಗಿದ್ದರೆ ವೈರ್ ತಿರುಗಿದೆ. ನಾನು ಹಾಕಿದ್ದು ದೊಡ್ಡಪ್ಪನ ಕ್ಯಾಸೆಟ್ಟಿನ ಯಕ್ಷಗಾನ. ವೈರ್ ಸರಿಮಾಡಿದ ಮೇಲೆ ಭಾಗವತರು ನಡುವೆ ಬಂದರು. ದೀಪಾವಳಿಗೆ ಬಂದಿದ್ದ ದೊಡ್ಡಮ್ಮ ಅಡುಗೆಮನೆಯಿಂದ ಹೊರಗೆ ಬಂದು, "ಅವರು ಇದ್ದಾಗ ಹೀಗೇ ಕೇಳ್ತಿತ್ತು" ಅಂದು ಅಲ್ಲೇ ಕೂತರು, ಆ ಬದಿ ಮುಗಿಯುವ ತನಕ ಏಳಲಿಲ್ಲ.

ಯಾವುದು ತಿರುಗಿದೆ ಅಂತ ತಿಳಿಯಲು 1.5 ವೋಲ್ಟಿನ ಟಾರ್ಚ್ ಸೆಲ್ ಸಾಕು. ಸೆಲ್ಲಿನ ಪ್ಲಸ್ಸನ್ನು ಕೆಂಪು ತಿರುಪಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ ತೆಗೆಯಿರಿ. ವೂಫರ್ ಕೋನ್ ಹೊರಗೆ ಬರಬೇಕು. ಒಳಗೆ ಹೋದರೆ ತಿರುಗಿದೆ. ಒಂದು ವಿಷಯ ನೆನಪಿರಲಿ: ಹಳೇ ಜೆಬಿಎಲ್ ಸ್ಪೀಕರ್‌ಗಳನ್ನು ಮಾಡಿದ್ದೇ ಉಲ್ಟಾ, ಕೆಂಪಿಗೆ ಪ್ಲಸ್ ಕೊಟ್ಟರೆ ಕೋನ್ ಒಳಗೆ ಹೋಗುತ್ತದೆ. ಅದು ದೋಷ ಅಲ್ಲ. ಎರಡೂ ಒಂದೇ ಕಡೆಗೆ ಹೋದರೆ ಸರಿ. ವೂಫರ್, ಟ್ವೀಟರ್ ಜೊತೆಗೆ ನಡುವಿನ ಸ್ವರಕ್ಕೂ ಒಂದು ಡ್ರೈವರ್ ಇರುವ ಮೂರು ದಾರಿಯ ಪೆಟ್ಟಿಗೆಯಲ್ಲಿ ನಡುವಿನ ಡ್ರೈವರನ್ನು ಬೇಕೆಂದೇ ತಿರುಗಿಸಿ ಜೋಡಿಸಿರುವುದೂ ಉಂಟು, ಹಾಗಾಗಿ ಒಳಗೆ ಕೈ ಹಾಕಿ ಎಲ್ಲವನ್ನೂ ಒಂದೇ ತರಹ ಮಾಡಲು ಹೋಗಬೇಡಿ. ಜೋಡಿಯ ಇನ್ನೊಂದರಲ್ಲಿ ಹೇಗಿದೆಯೋ ಹಾಗೆ.

ಈಗ ಫೋಮ್ ವಿಷಯ. ಕೋನಿನ ಅಂಚನ್ನೂ ಚೌಕಟ್ಟನ್ನೂ ಸೇರಿಸುವ ಮೆತ್ತನೆಯ ಬಳೆಗೆ ಸರೌಂಡ್ ಅನ್ನುತ್ತಾರೆ. ಅದು ಮೂರು ತರಹ: ಬಟ್ಟೆ, ರಬ್ಬರ್, ಫೋಮ್. ಎಣ್ಣೆಯಂಥ ಲೇಪ ಹಚ್ಚಿದ ಬಟ್ಟೆಯದು ಅರವತ್ತು ವರ್ಷ ಆದರೂ ಇರುತ್ತದೆ. ರಬ್ಬರ್ ಗಟ್ಟಿಯಾಗಬಹುದು, ಆದರೆ ಉಳಿಯುತ್ತದೆ. ಫೋಮ್ ಹಾಗಲ್ಲ. ಗಾಳಿಯ ತೇವ ಅದನ್ನು ಒಳಗಿನಿಂದಲೇ ಮುರಿಯುತ್ತದೆ, ಹದಿನೈದು ಇಪ್ಪತ್ತು ವರ್ಷಕ್ಕೆ ಕೊಳೆಯುತ್ತದೆ. ನುಡಿಸಿದರೂ ಅಷ್ಟೆ, ಪೆಟ್ಟಿಗೆಯಲ್ಲೇ ಮುಚ್ಚಿಟ್ಟರೂ ಅಷ್ಟೆ. ಬೆರಳಿನ ತುದಿ ತಾಗಿಸಿದೆ, ಬೆಲ್ಲದ ಪಾಕ ಬಿದ್ದು ಒಣಗಿದ ಹಾಗೆ ಅಂಟಂಟು, ಜೊತೆಗೆ ಕಪ್ಪು ಪುಡಿ. ಇನ್ನೊಂದು ಕಡೆ ಮುಟ್ಟಿದರೆ ಅಲ್ಲಿ ತೂತು. ಹೀಗಿದ್ದರೆ ಆ ಸ್ಪೀಕರನ್ನು ಜೋರಾಗಿ ಹಾಕಲೇಬೇಡಿ, ಹಿಡಿತ ಇಲ್ಲದ ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜಿ ಹಾಳಾಗುತ್ತದೆ. ಆಮೇಲೆ ಫೋಮ್ ಹಾಕಿದರೂ ಪ್ರಯೋಜನ ಇಲ್ಲ.

ಫೋಮ್ ಹೋದದ್ದು ವೂಫರ್ ಹೋದಂತಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಯಾಕೆಂದರೆ ಫೋಮ್ ಹರಿದ ಒಳ್ಳೊಳ್ಳೆ ವೂಫರ್‌ಗಳು ದಿನಾ ಗುಜರಿಗೆ ಹೋಗುತ್ತಿವೆ. ಬಳೆ ಮಾತ್ರ ಬೇರೆ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸ್ಪೀಕರ್ ಬಿಡಿಭಾಗದ ಅಂಗಡಿಗಳಿವೆ. "ಎಂಟಿಂಚಿನದು ಕೊಡಿ" ಅಂತ ಮಾತ್ರ ಕೇಳಬೇಡಿ, ಎಂಟಿಂಚಿನದರಲ್ಲೇ ಹಲವು ಅಳತೆ ಇವೆ. ಕೋನಿನ ಹೊರ ಅಂಚಿನ ಅಗಲ, ಫೋಮ್ ಕೂರುವ ಚೌಕಟ್ಟಿನ ಒಳ ಅಗಲ, ಎರಡನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡು ಹೋಗಿ. ಹಳೇ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಸ್ವಲ್ಪ ಸ್ವಲ್ಪ ನೆನೆಸಿ ತೆಗೆಯಿರಿ, ಕಾಗದದ ಕೋನ್ ಆದ್ದರಿಂದ ತುಂಬ ನೆನೆಸಬಾರದು. ಮೊದಲು ಕೋನಿಗೆ ಅಂಟಿಸಿ ಒಣಗಲು ಬಿಡಿ, ಆಮೇಲೆ ಚೌಕಟ್ಟಿಗೆ. ಚೌಕಟ್ಟಿಗೆ ಅಂಟಿಸುವಾಗ ಕಾಯಿಲ್ ನಟ್ಟನಡುವೆ ಇರಬೇಕು. ನಾನು ಮೊಬೈಲಿನಿಂದ 30 ಹರ್ಟ್ಸ್ ಸ್ವರವನ್ನು ತೀರಾ ಮೆಲ್ಲಗೆ ಹಾಕಿ, ಕೋನ್ ಅಲ್ಲಾಡುತ್ತಿರುವಾಗಲೇ ಅಂಚನ್ನು ಕೂರಿಸಿದೆ. ಉಜ್ಜಿದರೆ ತಕ್ಷಣ ಕಿವಿಗೆ ಗೊತ್ತಾಗುತ್ತದೆ, ಆಗಲೇ ಒಂದು ಕೂದಲೆಳೆ ಆಚೆ ಸರಿಸಬಹುದು. ಬೇಗ ಆಗಲಿ ಅಂತ ಸೂಪರ್ ಗ್ಲೂ ಹಾಕಬೇಡಿ. ಸರಿಸಲು ಸಮಯ ಕೊಡುವ ಅಂಟೇ ಬೇಕು.

ಬೇಸ್ ವಿಷಯದಲ್ಲಿ ಇನ್ನೊಂದು. ಗೆಳೆಯರೊಬ್ಬರು ಫೋನ್ ಮಾಡಿ, "ಎರಡು ವೂಫರ್ ಇದೆ ಸಾರ್, ಒಂದು ಪೂರ್ತಿ ಡೆಡ್, ವೈರೇ ಕಿತ್ತುಹೋಗಿದೆ" ಅಂದರು. ಹೋಗಿ ನೋಡಿದರೆ ಸೆಲೆಸ್ಟಿಯನ್ ಡಿಟ್ಟನ್ 15. ಅದರಲ್ಲಿ ವೂಫರ್ ಒಂದೇ. ಇನ್ನೊಂದು ವೂಫರಿನ ಹಾಗೆ ಕಾಣುವುದಕ್ಕೆ ಮ್ಯಾಗ್ನೆಟ್ಟೂ ಇಲ್ಲ, ಕಾಯಿಲೂ ಇಲ್ಲ, ವೈರ್ ಮೊದಲಿನಿಂದಲೂ ಇಲ್ಲ. ಎಬಿಆರ್ ಅನ್ನುತ್ತಾರೆ, ಪೆಟ್ಟಿಗೆಯೊಳಗಿನ ಗಾಳಿಯ ಒತ್ತಡಕ್ಕೆ ತಾನೇ ಅಲ್ಲಾಡಿ ತಗ್ಗಿನ ಬೇಸಿಗೆ ಬಲ ಕೊಡುತ್ತದೆ. ಪರೀಕ್ಷೆ ಸುಲಭ. ವೂಫರ್ ಕೋನನ್ನು ನಾಲ್ಕು ಬೆರಳಿನಿಂದ ಸಮವಾಗಿ, ತುಂಬ ಮೆಲ್ಲಗೆ ಒಳಗೆ ಒತ್ತಿ. ಆ ಇನ್ನೊಂದು ಹೊರಗೆ ಉಬ್ಬಬೇಕು. ಉಬ್ಬಿದರೆ ಎಲ್ಲ ಸರಿ, ಪೆಟ್ಟಿಗೆಯಲ್ಲಿ ಗಾಳಿ ಸೋರುತ್ತಿಲ್ಲ ಅಂತಲೂ ಅರ್ಥ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಒತ್ತಿ ಬಿಟ್ಟರೆ ಕೋನ್ ನಿಧಾನವಾಗಿ ವಾಪಸ್ ಬರಬೇಕು. ಫಟ್ ಅಂತ ಬಂದರೆ ಎಲ್ಲೋ ಸೋರಿಕೆ ಇದೆ, ಹೆಚ್ಚಾಗಿ ವೂಫರ್ ಕೆಳಗಿನ ಒಣಗಿದ ಗ್ಯಾಸ್ಕೆಟ್.

ತಾಳ, ತಂಬೂರಿ ಕೇಳುತ್ತಿಲ್ಲ

ಎತ್ತರದ ಸ್ವರ ಮಾಯವಾಗಿದ್ದರೆ ಎಲ್ಲರೂ ಟ್ವೀಟರ್ ಸುಟ್ಟಿದೆ ಅನ್ನುತ್ತಾರೆ. ಸುಟ್ಟಿರಬಹುದು. ಆದರೆ ಮೊದಲು ಹಿಂದುಗಡೆಯೋ ಎದುರಿಗೋ ಟ್ರೆಬಲ್ ಹೆಚ್ಚು-ಕಡಿಮೆ ಮಾಡುವ ನಾಬ್ ಇದೆಯಾ ನೋಡಿ. ಅಮೆರಿಕದ ಎಆರ್ ಕಂಪನಿಯ 1950-60ರ ದಶಕದ ಸ್ಪೀಕರ್‌ಗಳಲ್ಲಿ ಈ ನಾಬ್ ಒಳಗೆ ಕಿಲುಬು ಕಟ್ಟಿ ಟ್ವೀಟರ್ ದನಿ ನಿಲ್ಲುವುದು ತೀರಾ ಸಾಮಾನ್ಯ. ಸಂಗೀತ ಮೆಲ್ಲಗೆ ಹಾಕಿ ನಾಬ್ ತಿರುಗಿಸಿ, ಎಲ್ಲಾದರೂ ಒಂದು ಕಡೆ ಚರ್ ಅಂದು ದನಿ ಬಂದರೆ ಟ್ವೀಟರ್ ಬದುಕಿದೆ.

ನಾಬ್ ಇಲ್ಲದಿದ್ದರೆ ಟ್ವೀಟರಿಗೆ ನೇರ ಮೀಟರ್. ಓಮ್ ತೋರಿಸಿದರೆ ಕಾಯಿಲ್ ಚೆನ್ನಾಗಿದೆ, ಅನುಮಾನ ಕೆಪಾಸಿಟರ್ ಮೇಲೆ. ಅದರೊಳಗಿನ ದ್ರವ ವರ್ಷ ಕಳೆದ ಹಾಗೆ ಒಣಗುತ್ತದೆ. ನನ್ನ ಎಡಗಡೆಯ ಪೆಟ್ಟಿಗೆಯಲ್ಲಿ ಆಗಿದ್ದು ಇದೇ. ಮೇಲೆ 4 ಮೈಕ್ರೋಫ್ಯಾರಡ್ ಅಂತ ಬರೆದಿತ್ತು. ಅದನ್ನು ಬಿಚ್ಚದೆ, ಅದರ ಎರಡು ಕಾಲಿಗೂ ಹೊಸ 4 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಮೊಸಳೆ ಕ್ಲಿಪ್ಪಿನಲ್ಲಿ ಪಕ್ಕಕ್ಕೆ ಜೋಡಿಸಿ ಮೆಲ್ಲಗೆ ಹಾಡು ಹಾಕಿದೆ. ತಾಳ ಕಿಣಿಕಿಣಿ ಅಂತು. ಕೂಡಲೇ ಆಫ್ ಮಾಡಿ ಹಳೇದನ್ನು ತೆಗೆದು ಹೊಸದನ್ನು ಬೆಸುಗೆ ಹಾಕಿದೆ. ಎರಡೂ ಪೆಟ್ಟಿಗೆಗೆ ಹಾಕಿದೆ, ಒಂದಕ್ಕೆ ಮಾತ್ರ ಹಾಕಿದರೆ ಜೋಡಿ ಒಡೆಯುತ್ತದೆ.

ಅಂಗಡಿಯಲ್ಲಿ ಕೇಳುವಾಗ ಬೈಪೋಲಾರ್ ಅಥವಾ ನಾನ್ ಪೋಲಾರ್ ಅಂತಲೇ ಕೇಳಿ. ಪ್ಲಸ್-ಮೈನಸ್ ಗುರುತಿರುವ ಸಾಮಾನ್ಯ ಕೆಪಾಸಿಟರ್ ಇಲ್ಲಿಗೆ ಆಗುವುದಿಲ್ಲ. ಫಿಲ್ಮ್ ಕೆಪಾಸಿಟರ್ ಹಾಕಬಹುದು, ಅದು ಒಣಗುವುದಿಲ್ಲ. ಆದರೆ ಕೆಲವು ಸ್ಪೀಕರ್‌ಗಳಲ್ಲಿ ಎತ್ತರದ ಸ್ವರ ಮೊದಲಿಗಿಂತ ಚೂಪಾಗುತ್ತದೆ, ಹಳೇದರಲ್ಲಿದ್ದ ಸಣ್ಣ ಪ್ರತಿರೋಧ ಹೊಸದರಲ್ಲಿ ಇಲ್ಲ ಅಲ್ವಾ. ಹಾಗಾದರೆ ಅರ್ಧ ಓಮಿನ ರೆಸಿಸ್ಟರ್ ಒಂದನ್ನು ಸಾಲಿಗೆ ಸೇರಿಸಿ ಕೇಳಿ. ಕೆಪಾಸಿಟರ್ ಬಿಟ್ಟು ಟ್ವೀಟರನ್ನು ನೇರ ಆಂಪಿಗೆ ಹಾಕಿ ಪರೀಕ್ಷೆ ಮಾಡುವುದು ಬೇಡವೇ ಬೇಡ. ವಿವರಿಸಲು ಏನೂ ಇಲ್ಲ, ಸುಡುತ್ತದೆ.

ಟ್ವೀಟರ್ ನಿಜವಾಗಿಯೂ ಸುಟ್ಟಿದ್ದರೆ ಯಾಕೆ ಸುಟ್ಟಿತು ಅಂತ ನೋಡಿ. ಬಹಳ ಸಲ ಕಾರಣ ಸಣ್ಣ ಆಂಪು. ದೊಡ್ಡ ಆಂಪ್ ಸ್ಪೀಕರನ್ನು ಸುಡುತ್ತದೆ ಅಂತ ಜನ ಹೆದರುತ್ತಾರೆ, ಆದರೆ ಹದಿನೈದು ವಾಟಿನ ಆಂಪನ್ನು ಕಿವಿ ಹಿಂಡಿ ತುದಿಗೆ ತಿರುಗಿಸಿದರೆ ದನಿ ಒಡೆಯುತ್ತದೆ, ಆ ಒಡೆದ ದನಿಯಲ್ಲಿ ಎತ್ತರದ ಸ್ವರದ ಶಕ್ತಿ ಜಾಸ್ತಿ, ಅದೆಲ್ಲ ಹೋಗಿ ಬೀಳುವುದು ಕೂದಲಿನಷ್ಟು ಸಣ್ಣ ತಂತಿಯ ಟ್ವೀಟರ್ ಮೇಲೆ.

ಕರಕರ, ಝರ್ ಅನ್ನುವ ಸದ್ದು

ಆಂಪ್ ಆಫ್ ಇರಲಿ. ಕೋಣೆಯಲ್ಲಿ ಫ್ಯಾನ್ ಕೂಡ ಆಫ್. ವೂಫರ್ ಕೋನನ್ನು ಎರಡೂ ಹೆಬ್ಬೆರಳಿನಿಂದ ಎದುರುಬದುರು ಹಿಡಿದು ಒಂದೆರಡು ಮಿಲಿಮೀಟರ್ ಒಳಗೆ ಒತ್ತಿ ಬಿಡಿ. ಮರಳುಕಾಗದ ಉಜ್ಜಿದ ಹಾಗೆ ಕೇಳಿದರೆ ಕಾಯಿಲ್ ಮ್ಯಾಗ್ನೆಟ್ಟಿಗೆ ತಾಗುತ್ತಿದೆ. ಒಂದೇ ಭಂಗಿಯಲ್ಲಿ ಹತ್ತಾರು ವರ್ಷ ಕೂತ ಭಾರದ ವೂಫರ್‌ಗಳಲ್ಲಿ ಕಾಯಿಲನ್ನು ನಡುವೆ ಹಿಡಿದಿಡುವ ಒಳಗಿನ ಸ್ಪೈಡರ್ ಜೋತುಬಿದ್ದು ಹೀಗಾಗುತ್ತದೆ. ವೂಫರನ್ನು ಬಿಚ್ಚಿ ತಲೆಕೆಳಗಾಗಿ ತಿರುಗಿಸಿ ಹಾಕಿ. ಸಿನಿಮಾ ಟಾಕೀಸಿನ ಹಳೇ ಮೆಕ್ಯಾನಿಕ್ ಒಬ್ಬರು ಹೇಳಿಕೊಟ್ಟದ್ದು. ನಾನು ಇಬ್ಬರ ಮನೆಯಲ್ಲಿ ಮಾಡಿದ್ದೇನೆ, ಎರಡೂ ಕಡೆ ಉಜ್ಜುವುದು ನಿಂತಿದೆ.

ಒತ್ತಿದಾಗ ಸದ್ದಿಲ್ಲ, ಹಾಡುವಾಗ ಮಾತ್ರ ಝರ್ ಅಂದರೆ ವೂಫರನ್ನು ಬಿಟ್ಟು ಸುತ್ತಮುತ್ತ ಹುಡುಕಿ. ಮೊಬೈಲಿನಲ್ಲಿ 200 ಹರ್ಟ್ಸಿನಿಂದ 30ರ ತನಕ ನಿಧಾನವಾಗಿ ಇಳಿಯುವ ಸ್ವರ ಹಾಕಿ, ಝರ್ ಅನ್ನುವ ಜಾಗದಲ್ಲಿ ನಿಲ್ಲಿಸಿ, ಬೆರಳಿನಿಂದ ಒಂದೊಂದೇ ಒತ್ತುತ್ತಾ ಹೋಗಿ: ಎದುರಿನ ಬಟ್ಟೆಯ ಚೌಕಟ್ಟು, ಹೆಸರುಪಟ್ಟಿ, ಸಡಿಲ ತಿರುಪು, ಕೋನ್ ನಡುವಿನ ಮುಚ್ಚಳದ, ಅಂದರೆ ಡಸ್ಟ್ ಕ್ಯಾಪಿನ ಅಂಚು. ನಮ್ಮ ಮನೆಯಲ್ಲಿ ಸದ್ದು ಬರುತ್ತಿದ್ದದ್ದು ಶೋಕೇಸಿನ ಗಾಜಿನಿಂದ.

ಕೋಣೆಯ ತಪ್ಪನ್ನು ಸ್ಪೀಕರ್ ಮೇಲೆ ಹಾಕಬೇಡಿ

ಎಲ್ಲ ಸರಿಯಿದ್ದೂ ಬೇಸ್ ಗುಂಯ್ ಅನ್ನುತ್ತಿದ್ದರೆ ಸ್ಪೀಕರ್ ಮೂಲೆಯಲ್ಲಿದೆ. ಗೋಡೆಯಿಂದ ಒಂದೆರಡು ಅಡಿ ಮುಂದೆ ತನ್ನಿ. ನಮ್ಮ ಮನೆಗಳದ್ದು ಸಿಮೆಂಟ್ ಗೋಡೆ, ಟೈಲ್ಸ್ ನೆಲ, ದನಿ ಒಡೆದೊಡೆದು ವಾಪಸ್ ಬರುತ್ತದೆ. ಸ್ಪೀಕರ್ ಮತ್ತು ನಿಮ್ಮ ನಡುವೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಪರದೆ ಎಳೆಯಿರಿ, ವ್ಯತ್ಯಾಸ ನೀವೇ ಕೇಳುತ್ತೀರಿ. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರಬೇಕು, ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿಯಾದ ಮರದ ಮಣೆ, ಸ್ಟೂಲು ಏನಾದರೂ ಆದೀತು. ಅನುಮಾನ ಬಂದರೆ ಎಡ-ಬಲ ಪೆಟ್ಟಿಗೆಗಳನ್ನೇ ಜಾಗ ಬದಲಿಸಿ. ತೊಂದರೆ ಆ ಜಾಗದಲ್ಲೇ ಉಳಿದರೆ ತಪ್ಪು ಕೋಣೆಯದು.

ಅಂಗಡಿಗೆ ಕೊಡುವಾಗ

ಕಾಯಿಲ್ ಸುಟ್ಟಿದ್ದರೆ ಮನೆಯಲ್ಲಿ ಆಗುವುದಿಲ್ಲ, ಕೊಡಲೇಬೇಕು. ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್, ಅಂದರೆ ಗೋಡೆಯ ಪ್ಲಗ್ಗಿಗೆ ಹಾಕಬೇಕಾದ ಕ್ವಾಡ್ ಇಎಸ್ಎಲ್ ತರಹದ್ದು ಸಿಕ್ಕಿದರೆ ಅದನ್ನೂ ಬಲ್ಲವರಿಗೇ ಕೊಡಿ, ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಬೇರೆ ಏನೇ ಕೊಡುವಾಗಲೂ ಒಂದು ಮಾತು ಖಂಡಿತವಾಗಿ ಹೇಳಿ: ಹಳೇ ವೂಫರ್ ತೆಗೆದು ಹೊಸದು ಹಾಕಬೇಡಿ, ಇದಕ್ಕೇ ಹೊಸ ಕೋನ್, ಕಾಯಿಲ್ ಹಾಕಿ ರೀಕೋನ್ ಮಾಡಿ, ತೆಗೆದ ಭಾಗ ನನಗೇ ವಾಪಸ್ ಕೊಡಿ. ಪೆಟ್ಟಿಗೆ, ವೂಫರ್, ಕ್ರಾಸ್‌ಓವರ್ ಮೂರನ್ನೂ ಒಂದಕ್ಕೊಂದು ಹೊಂದಿಸಿ ಮಾಡಿರುತ್ತಾರೆ. ಅಳತೆ ಒಂದೇ ಅಂತ ಬೇರೆ ವೂಫರ್ ಕೂರಿಸಿದರೆ ದನಿ ಬರುತ್ತದೆ, ಆ ಸ್ಪೀಕರಿನ ದನಿ ಬರುವುದಿಲ್ಲ.

ಎಲ್ಲ ಮುಗಿದು ವೂಫರ್ ತಿರುಗಿ ಹಾಕುವ ಮೊದಲು ಒಂದು ಚೀಟಿ ಬರೆಯಿರಿ. ಏನು ಬದಲಾಯಿಸಿದಿರಿ, ಎಷ್ಟರದು, ಯಾವ ತಾರೀಕು, ಯಾವ ಬಣ್ಣದ ವೈರ್ ಪ್ಲಸ್. ತೆಗೆದ ಹಳೇ ಕೆಪಾಸಿಟರನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ಚೀಟಿಯ ಜೊತೆ ಪೆಟ್ಟಿಗೆಯ ಒಳಗೋಡೆಗೆ ಅಲ್ಲಾಡದ ಹಾಗೆ ಟೇಪ್ ಹಚ್ಚಿ. ನಮ್ಮ ಎಡಗಡೆಯದನ್ನು ಹಿಂದೆ ಬಿಚ್ಚಿದವರು ಹಾಗೆ ಒಂದು ಸಾಲು ಬರೆದಿಟ್ಟಿದ್ದರೆ ನಾನು ಮೊದಲು ನೋಡುತ್ತಿದ್ದದ್ದೇ ಆ ವೈರನ್ನು.